ಯಾವುದು ತೇಲುತ್ತದೆ, ಯಾವುದು ಮುಳುಗುತ್ತದೆ? ಕಾರವಾರದ ಕಡಲತೀರದಲ್ಲಿ ಪದೇ ಪದೇ ಕೇಳಿದ ಪ್ರಶ್ನೆಗಳು

ಕಾರವಾರದಲ್ಲಿ ಸಂಜೆ ಹೊತ್ತು ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ತೇಲುವುದು-ಮುಳುಗುವುದರ ಪಾಠ ಬಂತೆಂದರೆ ನಾವು ಮನೆಯೊಳಗೆ ಕೂರುವುದಿಲ್ಲ. ಒಂದು ಬಕೆಟ್, ಒಂದಿಷ್ಟು ಉಪ್ಪು, ಎರಡು ಮೊಟ್ಟೆ ಹಿಡಿದು ಟ್ಯಾಗೋರ್ ಕಡಲತೀರಕ್ಕೆ ಹೋಗಿಬಿಡುತ್ತೇವೆ. ಅಲ್ಲಿ ಪ್ರಶ್ನೆ ಕೇಳುವವರು ಮಕ್ಕಳಷ್ಟೇ ಅಲ್ಲ. ಅವರನ್ನು ಕರೆದೊಯ್ಯಲು ಬಂದ ಅಪ್ಪ-ಅಮ್ಮಂದಿರು, ವಾಕಿಂಗ್ ಬಂದವರು, ಪಕ್ಕದಲ್ಲಿ ಬಲೆ ಸರಿಮಾಡುತ್ತ ಕೂತವರು ಕೂಡ ಕೇಳುತ್ತಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಒಂದೇ ಮಾತಲ್ಲಿ ಹೇಳಿ, ವಸ್ತು ತೇಲುವುದು ಯಾಕೆ, ಮುಳುಗುವುದು ಯಾಕೆ?

ನೀರಿಗಿಳಿದ ವಸ್ತು ತನಗೆ ಜಾಗ ಮಾಡಿಕೊಳ್ಳಲು ಒಂದಿಷ್ಟು ನೀರನ್ನು ಪಕ್ಕಕ್ಕೆ ಸರಿಸಲೇಬೇಕು. ಸರಿಸಿದ ನೀರಿನ ತೂಕ ಎಷ್ಟೋ ಅಷ್ಟೇ ಬಲದಿಂದ ನೀರು ಅದನ್ನು ಮೇಲಕ್ಕೆ ನೂಕುತ್ತದೆ. ಪೂರ್ತಿ ಮುಳುಗುವ ಮೊದಲೇ ತನ್ನ ತೂಕದಷ್ಟು ನೀರನ್ನು ಸರಿಸಿಬಿಟ್ಟರೆ ತೇಲಿತು. ಇಡೀ ಮೈ ನೀರೊಳಗೆ ಹೋದರೂ ಅಷ್ಟು ನೀರು ಸರಿಯದಿದ್ದರೆ ತಳ ಸೇರಿತು. ಒಂದೇ ಮಾತಲ್ಲಿ ಅಂದರೆ ಇಷ್ಟೇ.

ನೀರು ಮೇಲಕ್ಕೆ ನೂಕುತ್ತೆ ಅಂತ ನಂಬೋದು ಹೇಗೆ? ಕಣ್ಣಿಗೇನೂ ಕಾಣಲ್ವಲ್ಲ?

ಬಾವಿ ಇರುವ ಮನೆಯವರಿಗೆ ಇದು ಕೈಗೇ ಗೊತ್ತು. ನನ್ನ ಅಜ್ಜಿಮನೆ ಶಿರಸಿ ಹತ್ತಿರ. ಅಲ್ಲಿಯ ಬಾವಿಗೆ ರಾಟೆ, ತೆಂಗಿನ ನಾರಿನ ಹಗ್ಗ, ತಾಮ್ರದ ಕೊಡಪಾನ. ತುಂಬಿದ ಕೊಡಪಾನ ನೀರೊಳಗಿಂದ ಬರುವಾಗ ಎರಡು ಬೆರಳಲ್ಲಿ ಎಳೆಯಬಹುದು ಅನ್ನುವಷ್ಟು ಹಗುರ. ಅದು ನೀರು ಬಿಟ್ಟು ಮೇಲೆದ್ದಿತೋ, ಹಗ್ಗ ಬಿಗಿಯುತ್ತದೆ, ರಾಟೆ ಕಿರುಗುಡುತ್ತದೆ, ಅಂಗೈ ಉರಿಯುತ್ತದೆ. ಹತ್ತು ವರ್ಷದವಳಿದ್ದಾಗ ಸರಿಯಾಗಿ ಅದೇ ಹೊತ್ತಿಗೆ ನಾನು ಹಗ್ಗ ಕೈಬಿಟ್ಟೆ. ಹಗ್ಗದ ಸಮೇತ ಕೊಡಪಾನ ತಳ ಸೇರಿತು. ಅಜ್ಜಿ ಬೈದದ್ದು ಇನ್ನೂ ಕಿವಿಯಲ್ಲಿದೆ.

ಈಗ ಲೆಕ್ಕ ಮಾಡೋಣ. ಕೊಡಪಾನದ ತಾಮ್ರ 3 ಕಿಲೋ, ಒಳಗಿನ ನೀರು 10 ಲೀಟರ್ ಅಂದುಕೊಳ್ಳಿ. ನೀರೊಳಗೆ ಇರುವಷ್ಟು ಹೊತ್ತು ಆ 10 ಲೀಟರಿನ ಭಾರವನ್ನು ಸುತ್ತಲಿನ ನೀರೇ ಹೊತ್ತಿರುತ್ತದೆ. ತಾಮ್ರ ನೀರಿಗಿಂತ ಸುಮಾರು 9 ಪಟ್ಟು ಭಾರ. ಅಂದರೆ 3 ಕಿಲೋ ತಾಮ್ರ ಒಂದು ಲೀಟರಿನ ಮೂರನೇ ಒಂದು ಪಾಲು ನೀರನ್ನು ಸರಿಸುತ್ತದೆ. ಅಷ್ಟು ತೂಕ ಕಳೆದರೆ ಕೈಗೆ ಸಿಗುವುದು 2 ಕಿಲೋ 700 ಗ್ರಾಂನ ಆಸುಪಾಸು. ನೀರು ಬಿಟ್ಟ ಮೇಲೆ 13 ಕಿಲೋ. ನಾನು ಕೈಬಿಟ್ಟದ್ದು ಸುಮ್ನೆ ಅಲ್ಲ!

ಈ ಬಲ ಹುಟ್ಟುವುದು ಒತ್ತಡದಿಂದ. ಆಳಕ್ಕೆ ಹೋದಷ್ಟೂ ನೀರಿನ ಒತ್ತಡ ಜಾಸ್ತಿ. ಉದ್ದ, ಅಗಲ, ಎತ್ತರ ಮೂರೂ 10 ಸೆಂಟಿಮೀಟರ್ ಇರುವ ಡಬ್ಬಿಯೊಂದನ್ನು ನೀರೊಳಗೆ ಹಿಡಿಯಿರಿ. ಅದರ ತಳ ಅದರ ಮುಚ್ಚಳಕ್ಕಿಂತ 10 ಸೆಂಟಿಮೀಟರ್ ಆಳದಲ್ಲಿದೆ. ಹಾಗಾಗಿ ತಳವನ್ನು ಮೇಲಕ್ಕೆ ನೂಕುವ ಬಲ ಮುಚ್ಚಳವನ್ನು ಕೆಳಕ್ಕೆ ಒತ್ತುವ ಬಲಕ್ಕಿಂತ ಹೆಚ್ಚು. ಎಷ್ಟು ಹೆಚ್ಚು ಅಂದರೆ 1 ಕಿಲೋ ಭಾರದಷ್ಟು. ಆ ಡಬ್ಬಿಯ ಜಾಗದಲ್ಲಿ ಮೊದಲು ಇದ್ದ 1 ಲೀಟರ್ ನೀರಿನ ತೂಕವೂ ಅಷ್ಟೇ ಅಲ್ವಾ? ಪಠ್ಯಪುಸ್ತಕದಲ್ಲಿ ಇದಕ್ಕೆ ಪ್ಲವನ ಬಲ ಅನ್ನುತ್ತಾರೆ. ಪರೀಕ್ಷೆಯಲ್ಲಿ ಹಾಗೇ ಬರೆಯಿರಿ. ಇಲ್ಲಿ ನಾನು ಮೇಲೆತ್ತುವ ಬಲ ಅನ್ನುತ್ತೇನೆ.

ಆರ್ಕಿಮಿಡೀಸ್ ಸ್ನಾನದ ತೊಟ್ಟಿಯಿಂದ ಎದ್ದು ಹಾಗೇ ಬೀದಿಗೆ ಓಡಿದ್ದು ನಿಜವೇ?

ಮಕ್ಕಳಿಗೆ ಈ ಕತೆಯಲ್ಲಿ ಇಷ್ಟವಾಗುವುದು ಬಟ್ಟೆ ಇಲ್ಲದ ಭಾಗ ಮಾತ್ರ. ಆರ್ಕಿಮಿಡೀಸ್ ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಸಿಸಿಲಿ ದ್ವೀಪದ ಸಿರಕ್ಯೂಸ್‌ನಲ್ಲಿದ್ದವನು. ರಾಜನ ಕಿರೀಟಕ್ಕೆ ಬೆಳ್ಳಿ ಬೆರೆಸಿದ್ದಾರಾ ಎಂದು ಪತ್ತೆ ಮಾಡಿದ ಕತೆಯನ್ನು ಬರೆದಿಟ್ಟವನು ವಿಟ್ರೂವಿಯಸ್ ಎಂಬ ರೋಮನ್ ವಾಸ್ತುತಜ್ಞ. ಅದೂ ಸುಮಾರು ಇನ್ನೂರು ವರ್ಷ ಕಳೆದ ಮೇಲೆ. ಓಟದ ಕತೆಯನ್ನು ಕತೆ ಅಂತಲೇ ಇಟ್ಟುಕೊಳ್ಳಿ. ತೇಲುವ ವಸ್ತುಗಳ ನಿಯಮವನ್ನಂತೂ ಅವನೇ ಬರೆದಿದ್ದಾನೆ, ಅದರಲ್ಲಿ ಅನುಮಾನವಿಲ್ಲ.

ಭಾರದ್ದು ಮುಳುಗುತ್ತೆ, ಹಗುರದ್ದು ತೇಲುತ್ತೆ. ಇಷ್ಟೇ ಸಾಕಲ್ವಾ?

ಸಾಲದು. 5 ಗ್ರಾಂ ಮೊಳೆ ಮುಳುಗುತ್ತದೆ, 500 ಕಿಲೋ ತೇಗದ ದಿಮ್ಮಿ ತೇಲುತ್ತದೆ. ಒಂದೇ ಅಳತೆಯ ಎರಡನ್ನು ಹೋಲಿಸಬೇಕು. 1 ಲೀಟರ್ ನೀರು ಹಿಡಿಯುವ ಜಾಗದಲ್ಲಿ ಏನು ತುಂಬಿದರೆ ಎಷ್ಟು ತೂಗುತ್ತದೆ ಅಂತ ನೋಡಿ. ನೀರು 1 ಕಿಲೋ. ತೆಂಗಿನೆಣ್ಣೆ ಸುಮಾರು 920 ಗ್ರಾಂ. ಸೀಮೆಎಣ್ಣೆ 800 ಗ್ರಾಂ. ಕಬ್ಬಿಣ 7 ಕಿಲೋ 800 ಗ್ರಾಂಗೂ ಮೇಲೆ. ಪಾದರಸ ಹದಿಮೂರೂವರೆ ಕಿಲೋ, ಚಿನ್ನ 19 ಕಿಲೋ 300 ಗ್ರಾಂ. ಇದೇ ಸಾಂದ್ರತೆ. ಕಬ್ಬಿಣದ ಮೊಳೆಯನ್ನು ಪಾದರಸದ ಮೇಲಿಟ್ಟರೆ ಕಾರ್ಕಿನ ಹಾಗೆ ತೇಲುತ್ತದೆ. ಚಿನ್ನದುಂಗುರ ಅದರಲ್ಲೂ ಮುಳುಗುತ್ತದೆ. ಪಾದರಸ ವಿಷ, ಮನೆಯಲ್ಲಿ ಇದನ್ನು ಮಾಡಿ ನೋಡಬೇಡಿ.

ಮರವೆಲ್ಲ ತೇಲುತ್ತದಾ ಅಂತ ಕೂಡಲೇ ಇನ್ನೊಂದು ಪ್ರಶ್ನೆ ಬರುತ್ತದೆ. ಇಲ್ಲ. ಕರಿಮರದ ತುಂಡು ನೀರಿಗಿಂತ ಭಾರ, ಕಲ್ಲಿನ ಹಾಗೆ ಕೆಳಗಿಳಿಯುತ್ತದೆ.

ಹಾಗಾದ್ರೆ ಅಷ್ಟು ದೊಡ್ಡ ಕಬ್ಬಿಣದ ಹಡಗು ತೇಲೋದು ಹೇಗೆ?

ನೌಕಾನೆಲೆ ಇರುವ ಊರು. ಈ ಪ್ರಶ್ನೆ ಬಾರದ ದಿನವಿಲ್ಲ. ತೀರದಲ್ಲಿ ಐಎನ್‌ಎಸ್ ಚಪಲ್ ವಸ್ತುಸಂಗ್ರಹಾಲಯವಾಗಿ ನೆಲದ ಮೇಲೆ ನಿಂತಿದೆ. ಇನ್ನೂರು ಟನ್ನಿಗೂ ಮೀರಿದ ಆ ನೌಕೆಯ ಪಕ್ಕ ನಿಂತು ತಲೆ ಎತ್ತಿ ನೋಡಿದರೆ ಇದು ತೇಲುತ್ತಿತ್ತು ಅಂತ ನಂಬುವುದೇ ಕಷ್ಟ.

ಅಡುಗೆಮನೆಯಿಂದ ಶುರು ಮಾಡೋಣ. 2 ಲೀಟರ್ ಹಿಡಿಯುವ ಸ್ಟೀಲ್ ಪಾತ್ರೆ, ತೂಕ 400 ಗ್ರಾಂ. ಬಾಯಿ ಮೇಲೆ ಮಾಡಿ ಬಕೆಟ್ಟಿನಲ್ಲಿ ಬಿಡಿ. ಅದು ಕೆಳಗಿಳಿಯುತ್ತ ನೀರನ್ನು ಸರಿಸುತ್ತದೆ. 400 ಮಿಲಿಲೀಟರ್ ನೀರು ಸರಿದ ಕೂಡಲೇ ನಿಂತುಬಿಡುತ್ತದೆ. ಪಾತ್ರೆಯ ಐದನೇ ಒಂದು ಪಾಲು ನೀರೊಳಗೆ, ಉಳಿದದ್ದು ಹೊರಗೆ. ಅದೇ ಪಾತ್ರೆಯನ್ನು ಗುಜರಿಯವನು ಸುತ್ತಿಗೆಯಲ್ಲಿ ಬಡಿದು ಉಂಡೆ ಮಾಡಿದರೆ? ತೂಕ ಅಷ್ಟೇ, ಆದರೆ ಸರಿಸುವ ನೀರು ಬರೀ 50 ಮಿಲಿಲೀಟರ್. ಮುಳುಗಿತು. ಲೋಹ ಬದಲಾಗಲಿಲ್ಲ, ಅದು ಹಿಡಿದ ಜಾಗ ಬದಲಾಯಿತು.

ಹಡಗೂ ಒಂದು ದೊಡ್ಡ ಪಾತ್ರೆ. ಕಾರವಾರವನ್ನೇ ನೆಲೆಯಾಗಿ ಮಾಡಿಕೊಂಡಿರುವ ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಮಾದಿತ್ಯ ಸುಮಾರು 284 ಮೀಟರ್ ಉದ್ದ, ತೂಕ ಸುಮಾರು 44,500 ಟನ್. ಅದು ತೇಲಬೇಕಾದರೆ 44,500 ಟನ್ ಸಮುದ್ರದ ನೀರನ್ನು ಸರಿಸಿ ಕೂರಬೇಕು. ಅಂದರೆ ಸುಮಾರು 43,400 ಘನ ಮೀಟರ್ ನೀರು. ಹಡಗಿನ ತೂಕವನ್ನು ಹಡಗಿನವರು ಹೇಳುವುದೇ ಹೀಗೆ, ಸರಿಸಿದ ನೀರಿನ ಲೆಕ್ಕದಲ್ಲಿ. ಅಷ್ಟು ದೊಡ್ಡದನ್ನು ತೂಗುವ ತಕ್ಕಡಿ ಎಲ್ಲಿದೆ ಹೇಳಿ?

ಇಲ್ಲಿಯ ನೌಕಾನೆಲೆಯಲ್ಲಿ ರಿಪೇರಿಗೆಂದು ಹಡಗುಗಳನ್ನು ನೀರಿನಿಂದ ಎತ್ತುವ ಶಿಪ್‌ಲಿಫ್ಟ್ ಇದೆ. 10,000 ಟನ್‌ವರೆಗೆ ಎತ್ತುತ್ತದೆ. ಅದರ ಕಷ್ಟವೂ ನನ್ನ ಕೊಡಪಾನದ ಕಷ್ಟವೇ. ಹಡಗು ನೀರಲ್ಲಿದ್ದಾಗ ಪೂರ್ತಿ ಭಾರ ನೀರಿನದು, ನೀರು ಬಿಟ್ಟಾಗ ಪೂರ್ತಿ ಭಾರ ಲಿಫ್ಟಿನದು.

ಮತ್ತೆ ಹಡಗು ಮುಳುಗೋದು ಯಾಕೆ?

ತೂತು ಬಿದ್ದರೆ ಗಾಳಿ ಇದ್ದ ಜಾಗಕ್ಕೆ ನೀರು ಬರುತ್ತದೆ. ಭಾರ ಏರುತ್ತ ಹೋಗುತ್ತದೆ. ಅದಕ್ಕೇ ದೊಡ್ಡ ಹಡಗುಗಳ ಹೊಟ್ಟೆಯನ್ನು ಗೋಡೆ ಕಟ್ಟಿ ಕೋಣೆ ಕೋಣೆ ಮಾಡಿರುತ್ತಾರೆ. ಒಂದು ಕೋಣೆ ತುಂಬಿದರೂ ಉಳಿದವು ಹಡಗನ್ನು ಹಿಡಿದಿಡುತ್ತವೆ. ಮರದ ದೋಣಿಗೆ ಹಿಂದೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದದ್ದು ಮರ ನೀರು ಕುಡಿಯದಿರಲಿ, ಹುಳು ಹಿಡಿಯದಿರಲಿ ಅಂತ.

ಹಡಗಿನ ಪಕ್ಕದಲ್ಲಿ ಒಂದು ಸುತ್ತು, ಏಣಿ ಥರ ಗೆರೆಗಳು ಇರುತ್ತಲ್ಲ, ಏನದು?

ಎಲ್ಲಿಯವರೆಗೆ ಮುಳುಗಬಹುದು ಅನ್ನುವ ಗುರುತು. ಲಾಭದ ಆಸೆಗೆ ಮಾಲೀಕರು ಹಡಗಿನಲ್ಲಿ ಮಿತಿಮೀರಿ ಸರಕು ತುಂಬುತ್ತಿದ್ದರು, ನಾವಿಕರು ಸಾಯುತ್ತಿದ್ದರು. ಇದರ ವಿರುದ್ಧ ಬ್ರಿಟನ್ನಿನ ಸಂಸತ್ತಿನಲ್ಲಿ ಹಟ ಹಿಡಿದು ಜಗಳಾಡಿದವರು ಸ್ಯಾಮುಯೆಲ್ ಪ್ಲಿಮ್‌ಸೋಲ್. 1876ರಲ್ಲಿ ಈ ಗೆರೆ ಅಲ್ಲಿ ಕಾನೂನಾಯಿತು. ಇವತ್ತಿಗೂ ಅವರ ಹೆಸರಿನಲ್ಲೇ ಕರೆಯುತ್ತಾರೆ.

ಒಂದರ ಬದಲು ಹಲವು ಗೆರೆ ಯಾಕೆ ಅಂದರೆ ನೀರು ಎಲ್ಲ ಕಡೆ ಒಂದೇ ಅಲ್ಲ. ಸಮುದ್ರದ ನೀರು ಲೀಟರಿಗೆ ಸುಮಾರು 1 ಕಿಲೋ 25 ಗ್ರಾಂ. ಅದರಲ್ಲಿ ಉಪ್ಪೇ 35 ಗ್ರಾಂನಷ್ಟಿರುತ್ತದೆ. ನದಿ ನೀರು 1 ಕಿಲೋ. ಹಡಗು ಕಡಲಿನಿಂದ ನದಿಯೊಳಗೆ ಬಂದರೆ ಅದೇ ತೂಕಕ್ಕೆ ಜಾಸ್ತಿ ನೀರು ಸರಿಸಬೇಕು, ಸ್ವಲ್ಪ ಕೆಳಗಿಳಿಯುತ್ತದೆ. ಬಿಸಿ ನೀರಿಗಿಂತ ತಣ್ಣೀರು ತುಸು ಭಾರ. ಜತೆಗೆ ಚಳಿಗಾಲದ ಉತ್ತರ ಅಟ್ಲಾಂಟಿಕ್‌ನ ಅಲೆಗಳಿಗೆ ಹೆದರಿ ಅಲ್ಲಿಗೆ ಎಲ್ಲಕ್ಕಿಂತ ಕೆಳಗಿನ ಗೆರೆ ಹಾಕಿದ್ದಾರೆ. ಅಂದರೆ ಅಲ್ಲಿ ಸರಕು ಕಡಿಮೆ ತುಂಬಿಕೊಳ್ಳಿ ಅಂತ.

ದೊಡ್ಡ ಹಡಗು ತೇಲೋಕೆ ತುಂಬಾ ನೀರು ಬೇಕಲ್ವಾ? ಕಡಲು ಆಳ ಇದ್ದಷ್ಟೂ ಚೆನ್ನಾಗಿ ತೇಲುತ್ತಾ?

ಎರಡೂ ಅಲ್ಲ. ತಳ ತಾಗದಿದ್ದರೆ ಸಾಕು. ಒಂದು ಸ್ಟೀಲ್ ಲೋಟಕ್ಕೆ ಎರಡು ಚಮಚ ನೀರು ಹಾಕಿ, ಅದರೊಳಗೆ ಸರಿಯಾಗಿ ಕೂರುವಂಥ ಇನ್ನೊಂದು ಸ್ವಲ್ಪ ಸಣ್ಣ ಲೋಟ ಇಳಿಸಿ. ಎರಡು ಚಮಚ ನೀರು ಸಂದಿಯಲ್ಲಿ ಮೇಲೇರಿ ಒಳಗಿನ ಲೋಟವನ್ನು ಎತ್ತಿ ಹಿಡಿಯುತ್ತದೆ. ಬೆರಳಲ್ಲಿ ತಿರುಗಿಸಿದರೆ ಗಿರ್ರನೆ ತಿರುಗುತ್ತದೆ.

ಸಮುದ್ರದಲ್ಲಿ ಈಜೋದು ಸುಲಭ ಅಂತಾರೆ. ಹಾಗಿದ್ದೂ ಜನ ಮುಳುಗೋದು ಯಾಕೆ?

ಇದಕ್ಕೆ ನಿಧಾನವಾಗಿ ಉತ್ತರ ಕೊಡಬೇಕು.

ಮನುಷ್ಯನ ಮೈ ಹೆಚ್ಚುಕಡಿಮೆ ನೀರಿನಷ್ಟೇ ಭಾರ. ಎದೆ ತುಂಬ ಉಸಿರು ಎಳೆದುಕೊಂಡರೆ ತೇಲುತ್ತೇವೆ, ಪೂರ್ತಿ ಬಿಟ್ಟರೆ ಹೆಚ್ಚಿನವರು ಕೆಳಗಿಳಿಯುತ್ತೇವೆ. ಸಮುದ್ರದ ನೀರು ನದಿ ನೀರಿಗಿಂತ ನೂರಕ್ಕೆ ಎರಡೂವರೆ ಪಾಲು ಭಾರ. ಹಾಗಾಗಿ 60 ಕಿಲೋ ತೂಕದವರಿಗೆ ಕಡಲು ಒಂದೂವರೆ ಕಿಲೋದಷ್ಟು ಹೆಚ್ಚಿನ ಆಸರೆ ಕೊಡುತ್ತದೆ. ಅಷ್ಟೇ. ನಿಮ್ಮ ತಲೆಯೊಂದೇ ಸುಮಾರು 5 ಕಿಲೋ ಇದೆ.

ಗಾಬರಿಯಾದವರು ಮೊದಲು ಮಾಡುವುದು ಕೈ ಮೇಲೆತ್ತಿ ಕೂಗುವುದು. ನೀರಿಂದ ಹೊರಗೆ ಬಂದ ಕೈ ನೀರನ್ನು ಸರಿಸುವುದಿಲ್ಲ, ಬರೀ ಭಾರವಾಗುತ್ತದೆ. ಕೈ ಮೇಲೆ ಹೋದಷ್ಟು ಬಾಯಿ ಕೆಳಗೆ ಹೋಗುತ್ತದೆ. ಕಿವಿ ನೀರಲ್ಲಿ ಮುಳುಗಿಸಿ, ಮುಖ ಆಕಾಶಕ್ಕೆ ಮಾಡಿ, ಕೈ ನೀರೊಳಗೇ ಚಾಚಿ ಮಲಗಿದರೆ ತೇಲುತ್ತೀರಿ. ಹೇಳುವುದು ಸುಲಭ ಅಂತ ಗೊತ್ತು. ಅದಕ್ಕೇ ಮೊಣಕಾಲು ಆಳದ ನೀರಲ್ಲಿ, ದೊಡ್ಡವರು ಪಕ್ಕದಲ್ಲಿದ್ದಾಗ ರೂಢಿ ಮಾಡಿಸಿ.

ಗೋಕರ್ಣ, ಮುರುಡೇಶ್ವರದ ಕಡೆ ಪ್ರವಾಸಿಗರು ಸಾಯುವುದು ಹೆಚ್ಚಾಗಿ ಸೆಳವಿಗೆ ಸಿಕ್ಕಿ. ದಡಕ್ಕೆ ಬಂದ ಅಲೆಯ ನೀರು ಒಂದು ಕಿರಿದಾದ ದಾರಿ ಹಿಡಿದು ಜೋರಾಗಿ ವಾಪಸ್ ಕಡಲಿಗೆ ಹೋಗುತ್ತದೆ. ಅದು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಅದರ ಎದುರು ಈಜಿ ಸುಸ್ತಾದವರು ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳವಿನಿಂದ ಹೊರಬಂದು ಆಮೇಲೆ ದಡಕ್ಕೆ ತಿರುಗಬೇಕು. ಜೂನ್ ಮತ್ತು ಜುಲೈನಲ್ಲಿ ಯಾಂತ್ರಿಕ ಬೋಟುಗಳೇ 61 ದಿನ ದಡದಲ್ಲಿ ಕಟ್ಟಿರುತ್ತವೆ. ಆ ನಿಷೇಧ ಮೀನಿನ ಸಂತಾನಕ್ಕಾಗಿ, ಸರಿ. ಆದರೆ ಆ ದಿನಗಳ ಕಡಲು ಮೀನುಗಾರರಿಗೂ ಸದರವಲ್ಲ. ನೀವು ಇಳಿಯಬೇಡಿ.

ಲೈಫ್ ಜಾಕೆಟ್ ಮೇಲೆ 100 ನ್ಯೂಟನ್ ಅಂತಿದ್ದರೆ ಸುಮಾರು 10 ಕಿಲೋದಷ್ಟು ಹೆಚ್ಚಿನ ಆಸರೆ ಎಂದು ಅರ್ಥ. ಫೋಟೋ ಚೆನ್ನಾಗಿ ಬರಲಿ ಅಂತ ಪಟ್ಟಿ ಬಿಚ್ಚಿಟ್ಟವರನ್ನು ದೋಣಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ನೀರಿಗೆ ಬಿದ್ದರೆ ಜಾಕೆಟ್ ಮೇಲೆ ತೇಲುತ್ತದೆ, ಅವರು ಅದರಿಂದ ಜಾರಿ ಕೆಳಗೆ.

ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಮಾಡುವವರು ಸೊಂಟಕ್ಕೆ ಭಾರ ಕಟ್ಟಿಕೊಳ್ಳೋದು ಯಾಕೆ?

ಅವರ ಕಷ್ಟ ಉಲ್ಟಾ. ಡೈವಿಂಗ್ ಉಡುಪಿನ ರಬ್ಬರಿನಲ್ಲಿ ಗಾಳಿಯ ಗುಳ್ಳೆ ತುಂಬಿರುತ್ತದೆ, ನೀರಂತೂ ಉಪ್ಪು. ಕೆಳಗಿಳಿಯಲು ಆಗುವುದೇ ಇಲ್ಲ. ಅದಕ್ಕೆ ಸೀಸದ ಬೆಲ್ಟು.

ಮೊಟ್ಟೆ ಉಪ್ಪುನೀರಲ್ಲಿ ತೇಲುತ್ತೆ ಅಂತ ಪುಸ್ತಕದಲ್ಲಿದೆ. ಸಮುದ್ರದ ನೀರಲ್ಲಿ ಹಾಕಿದ್ರೆ ಮುಳುಗಿತು. ಪುಸ್ತಕ ತಪ್ಪಾ?

ಪುಸ್ತಕ ಸರಿ, ಉಪ್ಪು ಸಾಲಲಿಲ್ಲ. ತಾಜಾ ಮೊಟ್ಟೆ ನೀರಿಗಿಂತ ನೂರಕ್ಕೆ ಎಂಟು ಪಾಲಿನಷ್ಟು ಭಾರ. ಸಮುದ್ರದ ನೀರು ಬರೀ ಎರಡೂವರೆ ಪಾಲು ಭಾರ. ಬಕೆಟ್ ನೀರಿಗೆ ಲೀಟರಿಗೆ 120ರಿಂದ 150 ಗ್ರಾಂ ಉಪ್ಪು ಕದಡಿ, ಮೊಟ್ಟೆ ಎದ್ದು ಬರುತ್ತದೆ. ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ಹರಳು ಕಟ್ಟುವ ಹೊತ್ತಿನ ನೀರು ಲೀಟರಿಗೆ 1 ಕಿಲೋ 200 ಗ್ರಾಂನ ಹತ್ತಿರ ಇರುತ್ತದೆ. ಅದರಲ್ಲಿ ಮೊಟ್ಟೆ ಮುಳುಗು ಅಂದರೂ ಮುಳುಗುವುದಿಲ್ಲ. ಮೃತ ಸಮುದ್ರದ ನೀರು ಇನ್ನೂ ಭಾರ, 1 ಕಿಲೋ 240 ಗ್ರಾಂನಷ್ಟು. ಅಲ್ಲಿ ಜನ ಮಲಗಿ ಪೇಪರ್ ಓದುವ ಫೋಟೋ ನೀವು ನೋಡಿರುತ್ತೀರಿ.

ಭತ್ತದ ಬೀಜ ಆರಿಸುವ ರೈತರು ಇದೇ ಉಪಾಯ ಬಳಸುತ್ತಾರೆ. ಮೊಟ್ಟೆ ತೇಲುವಷ್ಟು ಉಪ್ಪು ಹಾಕಿ, ಅದರಲ್ಲಿ ಬೀಜ ಸುರಿಯುತ್ತಾರೆ. ಜೊಳ್ಳು ಮೇಲೆ, ಗಟ್ಟಿಕಾಳು ಕೆಳಗೆ. ಆಮೇಲೆ ಬೀಜವನ್ನು ಒಳ್ಳೆ ನೀರಲ್ಲಿ ಚೆನ್ನಾಗಿ ತೊಳೆಯಬೇಕು.

ಬರೀ ನೀರಲ್ಲೇ ತೇಲುವ ಮೊಟ್ಟೆ ಹಳೆಯದು. ಚಿಪ್ಪಿನ ಸಣ್ಣ ರಂಧ್ರಗಳಿಂದ ಒಳಗಿನ ನೀರಿನಂಶ ಆರಿ ಅಲ್ಲಿ ಗಾಳಿ ತುಂಬಿರುತ್ತದೆ.

ಅಪ್ಪೆಮಿಡಿ ಭರಣಿಯಲ್ಲಿ ಮಿಡಿಯ ಮೇಲೆ ಕಲ್ಲು ಯಾಕೆ ಇಡ್ತಾರೆ?

ಇದು ಶಿರಸಿಯ ಪ್ರಶ್ನೆ, ಅಜ್ಜಿಯ ಉತ್ತರ: "ಮಿಡಿ ಎದ್ದು ಬಂದ್ರೆ ಹಾಳಾಗ್ತು." ಉಪ್ಪುನೀರು ಮಿಡಿಗಿಂತ ಭಾರ, ಹಾಗಾಗಿ ಮಿಡಿ ಮೇಲೇಳುತ್ತದೆ. ನೀರಿನಿಂದ ಹೊರಗಿಣುಕಿದ ಮಿಡಿಗೆ ಗಾಳಿ ತಾಗಿ ಬೂಷ್ಟು ಹಿಡಿಯುತ್ತದೆ. ತೊಳೆದು ಒಣಗಿಸಿದ ಕಲ್ಲು ಅದನ್ನು ಒತ್ತಿ ಹಿಡಿಯುತ್ತದೆ.

ನೀರಿನ ಮೇಲೆ ನೀರು ತೇಲುತ್ತಾ?

ತೇಲುತ್ತದೆ. ಅಘನಾಶಿನಿಯೋ ಕಾಳಿಯೋ ಕಡಲು ಸೇರುವಲ್ಲಿ ಹೊಳೆಯ ಸಿಹಿನೀರು ಮೇಲೆ, ಉಬ್ಬರಕ್ಕೆ ಒಳನುಗ್ಗಿದ ಉಪ್ಪುನೀರು ಅದರ ಕೆಳಗೆ ನುಸುಳುತ್ತದೆ. ಅಲೆ, ಸೆಳೆತ ಎರಡನ್ನೂ ಕಲಸುತ್ತ ಇರುತ್ತವೆ, ಆದರೂ ಮೇಲಿನ ನೀರು ಸಪ್ಪೆ, ಕೆಳಗಿನದು ಉಪ್ಪು ಅನ್ನುವುದು ಅಳಿವೆಯಲ್ಲಿ ಸಾಮಾನ್ಯ. ಮನೆಯಲ್ಲಿ ಗಾಜಿನ ಲೋಟದ ಅರ್ಧಕ್ಕೆ ಅರಿಶಿನ ಹಾಕಿದ ಉಪ್ಪುನೀರು ಹೊಯ್ಯಿರಿ. ಚಮಚದ ಬೆನ್ನಿನ ಮೇಲಿಂದ ನಿಧಾನವಾಗಿ ಬರೀ ನೀರು ಇಳಿಸಿ. ಎರಡು ಪದರ ಕಾಣುತ್ತದೆ. ನನ್ನ ಮಕ್ಕಳು ಮೂರನೇ ಸಲಕ್ಕೆ ಸರಿಯಾಗಿ ಮಾಡಿದರು. ಅವಸರ ಮಾಡಿದರೆ ಬರೀ ಹಳದಿ ನೀರು.

ಐಸ್ ತೇಲುತ್ತೆ. ಗಟ್ಟಿಯಾದ ತೆಂಗಿನೆಣ್ಣೆ ಬಾಟ್ಲಿಯ ತಳದಲ್ಲಿ ಯಾಕೆ ಕೂರುತ್ತೆ?

ಎಂಥ ಒಳ್ಳೆ ಪ್ರಶ್ನೆ! ಕೇಳಿದ್ದು ಏಳನೇ ಕ್ಲಾಸಿನ ಹುಡುಗಿ, ಡಿಸೆಂಬರಿನಲ್ಲಿ ಶಿರಸಿಗೆ ಹೋಗಿಬಂದ ಮೇಲೆ. ಹೆಚ್ಚಿನ ವಸ್ತುಗಳು ಗಟ್ಟಿಯಾಗುವಾಗ ಒತ್ತೊತ್ತಾಗಿ ಕೂರುತ್ತವೆ, ಕುಗ್ಗುತ್ತವೆ. ತೆಂಗಿನೆಣ್ಣೆ 24-25 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ, ಹೆಪ್ಪಾದದ್ದು ಇನ್ನೂ ಕರಗಿರುವ ಎಣ್ಣೆಗಿಂತ ಭಾರ. ಅಪವಾದ ಇರುವುದು ನೀರಿನಲ್ಲಿ. ಮಂಜುಗಡ್ಡೆಯಾಗುವಾಗ ನೀರಿನ ಅಣುಗಳು ನಡುವೆ ಜಾಗ ಬಿಟ್ಟು ಬಲೆಯ ಹಾಗೆ ಜೋಡಿಸಿಕೊಳ್ಳುತ್ತವೆ, ಹಿಗ್ಗುತ್ತವೆ. ಮಂಜುಗಡ್ಡೆ ಲೀಟರಿನಷ್ಟು ಜಾಗಕ್ಕೆ 917 ಗ್ರಾಂ ಮಾತ್ರ. ಬೈತಕೋಲ್ ಬಂದರಿನಲ್ಲಿ ಬೋಟಿಗೆ ಏರಿಸುವಾಗ ಒಂದು ತುಂಡು ಕಡಲಿಗೆ ಬಿದ್ದರೆ ಅದರ ಹತ್ತನೇ ಒಂದು ಪಾಲು ಮಾತ್ರ ಮೇಲೆ ಕಾಣುತ್ತದೆ.

ತೇಲುವ ಕಲ್ಲು ನೋಡಿದ್ದೇನೆ, ನೀರಿನ ತೊಟ್ಟಿಯಲ್ಲಿ ಇಟ್ಟಿದ್ರು. ಪವಾಡ ಅಲ್ವಾ?

ಭಕ್ತಿಯ ಮಾತು ನನ್ನದಲ್ಲ, ಕಲ್ಲಿನ ಮಾತು ಹೇಳುತ್ತೇನೆ. ಜ್ವಾಲಾಮುಖಿಯ ಲಾವಾ ನೊರೆಯಾಗಿ ಥಟ್ಟನೆ ಆರಿದರೆ ಪ್ಯೂಮಿಸ್ ಎಂಬ ಕಲ್ಲಾಗುತ್ತದೆ. ಒಳಗೆಲ್ಲ ಗಾಳಿಗುಳ್ಳೆ, ಹಾಗಾಗಿ ತೇಲುತ್ತದೆ. ಒಣಗಿದ ಹವಳದ ತುಂಡುಗಳಲ್ಲೂ ಕೆಲವು ತೇಲುತ್ತವೆ. ನಮ್ಮ ಮನೆಗಳ ಚಿರೆಕಲ್ಲಿಗೂ ತೂತುಗಳಿವೆ, ಅದೇಕೆ ತೇಲುವುದಿಲ್ಲ? ಅದರ ತೂತುಗಳಿಗೆ ನೀರು ಸಲೀಸಾಗಿ ನುಗ್ಗುತ್ತದೆ, ಮೇಲಾಗಿ ಅದರಲ್ಲಿ ಕಬ್ಬಿಣದ ಅಂಶ ಜಾಸ್ತಿ. ಪ್ಯೂಮಿಸ್ ಕೂಡ ಬಹಳ ದಿನ ನೀರಲ್ಲಿದ್ದರೆ ನೀರು ಕುಡಿದು ಮುಳುಗುವುದುಂಟು.

ಬಲೆ ನೀರಲ್ಲಿ ಗೋಡೆ ಥರ ನೆಟ್ಟಗೆ ನಿಲ್ಲೋದು ಹೇಗೆ?

ಇದಕ್ಕೆ ಉತ್ತರ ಕೊಟ್ಟದ್ದು ನಾನಲ್ಲ, ಬಲೆ ಸರಿಮಾಡುತ್ತ ಕೂತಿದ್ದ ಹಿರಿಯರು. ಬಲೆಯ ಮೇಲಂಚಿನ ಹಗ್ಗಕ್ಕೆ ಬೆಂಡು, ಕೆಳ ಅಂಚಿಗೆ ಸೀಸದ ಮಣಿ. ಬೆಂಡು ಮೇಲಕ್ಕೆಳೆಯುತ್ತದೆ, ಸೀಸ ಕೆಳಕ್ಕೆ. ದಡದಿಂದ ಎಳೆಯುವ ದೊಡ್ಡ ಬಲೆ ರಂಪಣಿಯಲ್ಲೂ ಇದೇ ಉಪಾಯ. ಬೀಸುಬಲೆಗೆ ಬೆಂಡಿಲ್ಲ, ಸುತ್ತ ಸೀಸ ಮಾತ್ರ, ಮೀನು ತಪ್ಪಿಸಿಕೊಳ್ಳುವ ಮೊದಲು ತಳ ಮುಟ್ಟಬೇಕಲ್ಲ. ಹಗ್ಗದಲ್ಲೂ ಜಾತಿಯಿದೆ. ನೈಲಾನ್ ನೀರಿಗಿಂತ ಭಾರ, ಮುಳುಗುತ್ತದೆ. ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದೆ. ಪ್ಲಾಸ್ಟಿಕ್ ಎಲ್ಲ ಒಂದೇ ಅಂದುಕೊಳ್ಳಬೇಡಿ. ನೀರಿನ ಬಾಟಲಿಯ ಮುಚ್ಚಳ ತೇಲುತ್ತದೆ, ಬಾಟಲಿಯನ್ನೇ ಕತ್ತರಿಸಿ ಚೂರು ಮಾಡಿ ಹಾಕಿದರೆ ಮುಳುಗುತ್ತದೆ.

ಮೀನು ತೇಲೋದೂ ಇಲ್ಲ, ಮುಳುಗೋದೂ ಇಲ್ಲ. ನಡುವಲ್ಲೇ ನಿಲ್ಲುತ್ತಲ್ಲ?

ಬಹಳ ಮೀನುಗಳ ಹೊಟ್ಟೆಯಲ್ಲಿ ಗಾಳಿಚೀಲ ಇರುತ್ತದೆ. ಮೀನು ಕೊಯ್ಯುವಾಗ ಸಿಗುವ ಬೆಳ್ಳನೆಯ ಬಲೂನು ಅದೇ. ಅದರಲ್ಲಿ ಗಾಳಿ ಹೆಚ್ಚುಕಡಿಮೆ ಮಾಡಿಕೊಂಡು ಬೇಕಾದ ಆಳದಲ್ಲಿ ನಿಲ್ಲುತ್ತವೆ. ಘೋಲ್ ಮೀನಿನ ಗಾಳಿಚೀಲಕ್ಕೆ ಮೀನಿಗಿಂತ ಹೆಚ್ಚು ಬೆಲೆ. ಶಾರ್ಕಿಗೆ ಈ ಚೀಲವಿಲ್ಲ. ಎಣ್ಣೆ ತುಂಬಿದ ದೊಡ್ಡ ಪಿತ್ತಜನಕಾಂಗ ಅದಕ್ಕೆ ಸ್ವಲ್ಪ ಆಸರೆ, ಉಳಿದದ್ದಕ್ಕೆ ಈಜುತ್ತಲೇ ಇರಬೇಕು. ಸಬ್‌ಮರೀನಿನವರು ಗಾಳಿಯ ಬದಲು ತೊಟ್ಟಿಗೆ ನೀರು ತುಂಬಿ ಇಳಿಯುತ್ತಾರೆ, ನೀರನ್ನು ಗಾಳಿಯಿಂದ ಹೊರಗೆ ನೂಕಿ ಏಳುತ್ತಾರೆ.

ನೂಲು ಹುಣ್ಣಿಮೆಗೆ ಸಮುದ್ರಕ್ಕೆ ಕೊಟ್ಟ ತೆಂಗಿನಕಾಯಿ ವಾಪಸ್ ದಡಕ್ಕೇ ಬರುತ್ತಲ್ಲ, ಸಮುದ್ರರಾಜನಿಗೆ ಬೇಡ್ವಾ?

ಸಿಪ್ಪೆಯ ನಾರಿನ ನಡುವೆ ತುಂಬ ಗಾಳಿಯಿದೆ, ಬಲಿತ ಕಾಯಿಯ ಒಳಗೂ ನೀರಿನ ಮೇಲೆ ಖಾಲಿ ಜಾಗವಿದೆ. ಹಾಗೇ ತೇಲಿ ತೇಲಿ ದ್ವೀಪದಿಂದ ದ್ವೀಪಕ್ಕೆ ಹೋಗಿ ಮೊಳೆಯುವುದೇ ಅದರ ಸ್ವಭಾವ. ಕಿತ್ತಳೆಹಣ್ಣಲ್ಲೂ ಇದನ್ನು ನೋಡಬಹುದು. ಸಿಪ್ಪೆ ಸಮೇತ ತೇಲುತ್ತದೆ, ಸುಲಿದರೆ ಮುಳುಗುತ್ತದೆ. ಸುಲಿದದ್ದು ಹಗುರವಾಯಿತು, ಆದರೂ ಮುಳುಗಿತು. ದೊಡ್ಡವರೂ ಇಲ್ಲಿ ಒಂದು ಕ್ಷಣ ಪೆಚ್ಚಾಗುತ್ತಾರೆ.

ಸೂಜಿ ನೀರಿನ ಮೇಲೆ ಮಲಗಿಸಿದ್ರೆ ನಿಲ್ಲುತ್ತೆ. ಅದೂ ಇದೇನಾ?

ಅಲ್ಲ. ಅದು ನೀರಿನ ಮೇಲ್ಮೈಯ ಬಿಗಿತ. ಒಂದು ಹನಿ ಸೋಪುನೀರು ಬಿಡಿ, ಸೂಜಿ ಮುಳುಗುತ್ತದೆ. ತೇಲುವ ಕೊಡವೇನೂ ಸೋಪಿಗೆ ಹೆದರುವುದಿಲ್ಲ.

ಬನ್ಸ್ ಎಣ್ಣೆಗೆ ಹಾಕಿದಾಗ ಮುಳುಗಿ ಆಮೇಲೆ ಎದ್ದು ಬರೋದು?

ಬಾಳೆಹಣ್ಣು, ಮೈದಾ, ಮೊಸರಿನ ಹಿಟ್ಟು ಎಣ್ಣೆಗಿಂತ ಭಾರ. ಲಟ್ಟಿಸಿ ಬಿಟ್ಟ ಕೂಡಲೇ ಬಾಣಲೆಯ ತಳ ಸೇರುತ್ತದೆ. ಒಳಗಿನ ನೀರು ಆವಿಯಾಗುತ್ತದೆ, ಸೋಡಾದ ಗಾಳಿಯೂ ಸೇರುತ್ತದೆ, ಬನ್ಸ್ ಉಬ್ಬುತ್ತದೆ. ತೂಕ ಹೆಚ್ಚಾಗಲಿಲ್ಲ, ಜಾಗ ಹೆಚ್ಚಾಯಿತು. ಈಗ ಅದು ಸರಿಸುವ ಎಣ್ಣೆ ಅದಕ್ಕಿಂತ ಭಾರ, ಎದ್ದು ಬಂತು. ಏಳದಿದ್ದರೆ ಎಣ್ಣೆ ಕಾದಿಲ್ಲ ಎಂದೇ ಲೆಕ್ಕ.

ಕೋಟೆಕೆರೆಯಲ್ಲಿ ದೋಣಿಯಿಂದ ಕಲ್ಲು ನೀರಿಗೆ ಹಾಕಿದ್ರೆ ಕೆರೆಯ ನೀರು ಏರುತ್ತಾ, ಇಳಿಯುತ್ತಾ?

ಈ ಒಗಟನ್ನು ನಾನೇ ಹಾಕುತ್ತೇನೆ, ಸಂಜೆಯಿಡೀ ಜಗಳ ನಡೆಯುತ್ತದೆ. 27 ಕಿಲೋ ಗ್ರಾನೈಟ್ ಕಲ್ಲು ಅಂದುಕೊಳ್ಳಿ. ದೋಣಿಯಲ್ಲಿದ್ದಾಗ ಅದರ ತೂಕಕ್ಕೆ ತಕ್ಕಂತೆ ದೋಣಿ 27 ಲೀಟರ್ ನೀರನ್ನು ಹೆಚ್ಚಾಗಿ ಸರಿಸಬೇಕು. ತಳ ಸೇರಿದ ಮೇಲೆ ಕಲ್ಲು ತನ್ನ ಗಾತ್ರದಷ್ಟೇ, ಅಂದರೆ 10 ಲೀಟರ್ ಮಾತ್ರ ಸರಿಸುತ್ತದೆ. ಹಾಗಾಗಿ ನೀರಿನ ಮಟ್ಟ ಇಳಿಯುತ್ತದೆ. ಇಡೀ ಕೆರೆಗೆ 17 ಲೀಟರ್ ಎಂದರೆ ಕಣ್ಣಿಗೆ ಕಾಣುವುದಿಲ್ಲ. ಬಕೆಟ್, ಪ್ಲಾಸ್ಟಿಕ್ ಡಬ್ಬಿ, ಕಬ್ಬಿಣದ ಬೋಲ್ಟುಗಳಲ್ಲಿ ಮಾಡಿ ನೋಡಿ.

ತೇಲುವ ದೋಣಿ ಮಗುಚೋದು ಯಾಕೆ?

ತೇಲುವುದು ಬೇರೆ, ನೆಟ್ಟಗೆ ತೇಲುವುದು ಬೇರೆ. ಭಾರ ಕೆಳಗಿದ್ದು ದೋಣಿ ಅಗಲವಾಗಿದ್ದರೆ ವಾಲಿದ ಕಡೆ ಹೆಚ್ಚು ನೀರು ಸರಿದು ಅದನ್ನು ವಾಪಸ್ ಎತ್ತುತ್ತದೆ. ಎಲ್ಲರೂ ಒಟ್ಟಿಗೆ ಎದ್ದು ನಿಂತರೆ ಭಾರ ಮೇಲೆ ಹೋಗುತ್ತದೆ, ಆ ನೂಕು ಸಾಲುವುದಿಲ್ಲ. ಡಾಲ್ಫಿನ್ ಕಂಡಿತು ಅಂತ ಎಲ್ಲ ಒಂದೇ ಪಕ್ಕಕ್ಕೆ ನುಗ್ಗಿದಾಗ ದೋಣಿಯವರು ಬೈಯುವುದು ಅದಕ್ಕೇ. ಕಿರಿದಾದ ದೋಣಿಗಳಿಗೆ ಒಂದು ಮಗ್ಗುಲಲ್ಲಿ ಗಳ ಚಾಚಿ ಮರದ ತೊಲೆ ಕಟ್ಟಿರುವುದನ್ನೂ ಈ ಕಡಲಲ್ಲಿ ನೋಡಿರುತ್ತೀರಿ. ವಾಲದ ಹಾಗೆ ಅದು ಹಿಡಿಯುತ್ತದೆ.

ಅಕ್ಕೋರೆ, ಆ ಕೊಡಪಾನ ಸಿಕ್ತಾ?

ಪಾಠ ಮುಗಿದ ಮೇಲೆ ಕೇಳುವ ಪ್ರಶ್ನೆ ಇದೊಂದೇ. ಸಿಕ್ಕಿತು. ಪಕ್ಕದ ಮನೆಯಿಂದ ಪಾತಾಳಗರಡಿ ತಂದರು. ಅದು ಸುತ್ತಲೂ ಕೊಕ್ಕೆ ಇರುವ ಕಬ್ಬಿಣದ ಗೊಂಚಲು, ಹಗ್ಗ ಕಟ್ಟಿ ಬಾವಿಗಿಳಿಸಿ ತಡಕಾಡುತ್ತಾರೆ. ಮೊದಲ ಸಲ ನನ್ನ ಹಗ್ಗ ಸಿಕ್ಕಿ ಜಾರಿತು. ಎರಡನೇ ಸಲ ಯಾವ ಕಾಲದ್ದೋ ಒಂದು ತುಕ್ಕು ಹಿಡಿದ ಬಕೆಟ್ ಬಂತು. ಮೂರನೇ ಸಲ ಕೊಡಪಾನದ ಕಂಠವೇ ಸಿಕ್ಕಿತು. ನೀರೊಳಗೆ ಬರುವಷ್ಟು ಹೊತ್ತು ಅಜ್ಜಿ ಸುಮ್ಮನಿದ್ದರು. ಕಂಠ ನೀರಿನ ಮೇಲೆ ಕಂಡ ಕೂಡಲೇ ನನ್ನನ್ನು ಪಕ್ಕಕ್ಕೆ ಸರಿಸಿ, ತಾವೇ ಹಗ್ಗ ಹಿಡಿದರು.